ಲೆನ್ಸು ಯಾರ ಪೈಕಿ?

ಪಿತೃಪಕ್ಷದ ಹಬ್ಬದ ದಿನ ಮಳವಳ್ಳಿಯ ತವರುಮನೆಯಲ್ಲಿ ನಾನು ತೆಗೆದ ಫೋಟೊ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಿದ್ದದ್ದೇ ತಡ, ತಮ್ಮ ಶಿವು ಫೋನ್ ಮಾಡಿದ.

"ಅಕ್ಕಾ, ಇದೇನಕ್ಕ ಇದು? ನಾನು ಅಸ್ರುಗಿವ್ನಿ, ಅವ್ರು ಕೆಂಪುಗವ್ರೆ. ಮಧ್ಯದಲ್ಲಿ ಅಪ್ಪ ಒಬ್ರೇ ಮನುಸ್ರಂಗೆ ಕಾಣ್ತಾವ್ರೆ!"

ಅವನ ಮಾತಲ್ಲಿ ಸುಳ್ಳಿರಲಿಲ್ಲ. ಎಡತುದಿಯಲ್ಲಿ ನಿಂತಿದ್ದ ಶಿವುವಿನ ಬಿಳಿ ಷರಟು ಹಸಿರು ಬಡಿದುಕೊಂಡು, ಅವನು ಧರಣಿಗೆ ಹೊರಟ ರೈತ ಮುಖಂಡನಂತಿದ್ದ. ಬಲತುದಿಯಲ್ಲಿದ್ದ 'ಅವ್ರ' ಸೀರೆ, ಮುಖ, ಕಣ್ಣು ಎಲ್ಲ ಕೆಂಪು.

ಈ 'ಅವ್ರು' ಯಾರೆಂದು ಹೇಳುತ್ತೇನೆ. ಮೊದಲು ಕ್ಯಾಮೆರಾದ ಗೋಳು ಕೇಳಿ.

ನನ್ನದು ಡಿಜಿಟಲ್ ರೇಂಜ್‌ಫೈಂಡರ್. ಸೆಕೆಂಡ್ ಹ್ಯಾಂಡ್. ಲೆನ್ಸಿನ ಮೂಲಕ ನೋಡುವಂಥದ್ದಲ್ಲ. ಪಕ್ಕದ ಪುಟ್ಟ ಕಿಟಕಿಯಲ್ಲಿ ಇಣುಕಿ, ಎರಡು ಬಿಂಬ ಒಂದಾಗುವವರೆಗೂ ಕೈಯಿಂದಲೇ ಫೋಕಸ್ ತಿರುಗಿಸಬೇಕು. (ಮೊಬೈಲಿನಲ್ಲೇ ಚೆನ್ನಾಗಿ ಬರುತ್ತಲ್ಲ ಅಂತೀರಾ? ಮುದ್ದೆ ಮಾಡುವ ಮೆಷಿನ್ನೂ ಬಂದಿದೆ. ನಿಮ್ಮ ಮನೆಯ ಮುದ್ದೆಕೋಲು ಎಸೆದಿದ್ದೀರಾ?)

ಆ ಕಂಪನಿಯದೇ ಲೆನ್ಸು ಕೊಳ್ಳುವ ತಾಕತ್ತು ನನಗಿಲ್ಲ. ಹಾಗಾಗಿ ಬೇರೆ ಕಂಪನಿಯ ಲೆನ್ಸು ಹಾಕಿದ್ದೇನೆ. ಇಡೀ ಸಂಸಾರವನ್ನು ಒಂದೇ ಫ್ರೇಮಿನಲ್ಲಿ ಹಿಡಿಯುವ ಅಗಲದ ಲೆನ್ಸು. ತೊಡಕು ಇರುವುದು ಇಲ್ಲೇ. ತನ್ನ ಕಂಪನಿಯ ಲೆನ್ಸಾದರೆ ಕ್ಯಾಮೆರಾ ಅದರ ಹಿಂಬದಿಯ ಗುರುತು ಓದಿ, 'ಓ, ನಮ್ಮೋನು' ಅಂದುಕೊಂಡು, ಅಂಚಿನ ಮಬ್ಬನ್ನೂ ಬಣ್ಣವನ್ನೂ ತಾನೇ ತಿದ್ದುತ್ತದೆ. ಹೊರಗಿನ ಲೆನ್ಸಿಗೆ ಗುರುತಿಲ್ಲ. ಆಗ ಮೆನುವಿನಲ್ಲಿ ಸಾಲು ಹೆಸರು ತೋರಿಸಿ, ಇದು ಇವರಲ್ಲಿ ಯಾರು ಎಂದು ಕೇಳುತ್ತದೆ. ಅಲ್ಲಿರುವವರೆಲ್ಲ ಅದರ ನೆಂಟರೇ!

ನಮ್ಮ ಕಡೆ ಬಸ್ಸಿಳಿದ ಹೊಸಬರನ್ನು "ಯಾವೂರು? ಯಾರ ಪೈಕಿ?" ಎಂದು ಕೇಳುವುದಿಲ್ಲವೇ, ಥೇಟ್ ಹಾಗೆ.

ಏನೂ ಹೇಳದೆ 'ಆಫ್' ಮಾಡಿಟ್ಟರೆ ಮೂಲೆಗಳೆಲ್ಲ ಕತ್ತಲು. ತಪ್ಪು ಹೆಸರು ಹೇಳಿದರೆ ಅದ್ಯಾರಿಗೋ ಕೊಡಬೇಕಾದ ಔಷಧಿಯನ್ನು ಇದಕ್ಕೆ ಕುಡಿಸುತ್ತದೆ. ಹಬ್ಬದ ದಿನ ಅವಸರದಲ್ಲಿ ನಾನು ನನ್ನ ಲೆನ್ಸಿನ ಮೇಲಿರುವ ಅಳತೆಯ ನಂಬರೇ ಇದ್ದ ಹೆಸರು ಆರಿಸಿದ್ದೆ. ನಂಬರು ಒಂದೇ, ಗುಣ ಬೇರೆ. (ಕಂಪ್ಯೂಟರಿನಲ್ಲಿ ಸರಿ ಮಾಡಲೂ ನೋಡಿದೆ. ಮುಖದ ಕೆಂಪು ತೆಗೆದರೆ ಸೀರೆ ನೀಲಿಯಾಯಿತು.)

ಈಗ 'ಅವ್ರು'. ಹೆಸರು ರತ್ನಮ್ಮ. ನಮ್ಮಪ್ಪನ ಎರಡನೇ ಹೆಂಡತಿ.

ಅಮ್ಮ ಹೋದ ಕೆಲವು ವರ್ಷಕ್ಕೆ, ಕರೆಂಟ್ ಆಫೀಸಿನಿಂದ ರಿಟೈರಾಗಿದ್ದ ಅಪ್ಪ ಈ ಯುಗಾದಿ ಕಳೆದ ಮೇಲೆ ದೇವಸ್ಥಾನದಲ್ಲಿ ಹಾರ ಬದಲಾಯಿಸಿಕೊಂಡು ಅವರನ್ನು ಕರೆತಂದರು. ಅವರಿಗೂ ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಭಾರತೀನಗರದಲ್ಲಿ ತಮ್ಮ ಅಕ್ಕನ ಮನೆಯಲ್ಲಿದ್ದರು. ನಾವ್ಯಾರೂ ಬೇಡ ಅನ್ನಲಿಲ್ಲ. ಮುಖ ಗಂಟಿಕ್ಕಲಿಲ್ಲ. ಮತ್ತೇನು ಮಾಡಿದೆವು ಗೊತ್ತಾ? ಅವರನ್ನು ಏನಂತಲೂ ಕರೆಯಲಿಲ್ಲ.

'ಅಮ್ಮ' ಅನ್ನಲು ನಾಲಿಗೆ ಹೊರಳದು. 'ಆಂಟಿ' ಅಂದರೆ ಪಕ್ಕದ ಮನೆಯವರಾಗಿಬಿಡುತ್ತಾರೆ. ಹೆಸರು ಹಿಡಿದು ಕೂಗೋಣವೆಂದರೆ ವಯಸ್ಸಿನಲ್ಲಿ ದೊಡ್ಡವರು. ಹಾಗಾಗಿ ಕೆಮ್ಮಿದೆವು. 'ಇಲ್ನೋಡಿ' ಎಂದೆವು. ಎದುರಿಗೆ ಹೋಗಿ ನಿಂತೇ ಮಾತು ಶುರು ಮಾಡಿದೆವು. ಶಿವುವಿನ ಹೆಂಡತಿ ಸುಧಾ ಇದ್ದಾಳಲ್ಲ, ಒಂದೇ ಮನೆಯಲ್ಲಿರುವವಳು, ಅವರನ್ನು ಅಡುಗೆಮನೆಗೆ ಕರೆಯಬೇಕಾದರೆ ಪಾತ್ರೆ ಸದ್ದು ಮಾಡುತ್ತಾಳೆ.

ಅವರೋ, ಬಂದ ದಿನವೇ ನನ್ನನ್ನು "ಬಾ ಮಗ" ಎಂದವರು. ಹಬ್ಬದ ಹಿಂದಿನ ದಿನ ಫೋನ್ ಮಾಡಿ, "ನಿಮ್ಮಮ್ಮಂಗೆ ಏನ್ ಇಷ್ಟ ಇತ್ತು ಮಗ? ಎಡೆಗೆ ಇಕ್ಕವಾ" ಎಂದು ಕೇಳಿದ್ದರು. ಕಜ್ಜಾಯ ಎಂದೆ. ಕಜ್ಜಾಯ ಸುಟ್ಟು, ಅಮ್ಮನ ಫೋಟೊದ ಮುಂದೆ ಎಡೆ ಇಕ್ಕಿ, ಧೂಪ ಹಾಕಿ ಹಿಂದಕ್ಕೆ ಸರಿದು ನಿಂತರು. ಗ್ರೂಪ್ ಫೋಟೊಗೂ ಹಾಗೇ ತುದಿಗೆ ಸರಿದರು.

ಫೋಟೊ ಮತ್ತೆ ತೆಗೆಯಬೇಕೆಂದು ಮುಂದಿನ ಭಾನುವಾರ ಮಂಡ್ಯದಿಂದ ಮಳವಳ್ಳಿ ಬಸ್ಸು ಹತ್ತಿದೆ. ಸರಿಯಾದ ಸೆಟ್ಟಿಂಗ್ ಹುಡುಕಲು ಬಿಳಿ ಗೋಡೆಗಿಂತ ಒಳ್ಳೆಯ ಸಾಧನವಿಲ್ಲ. ಹಬ್ಬಕ್ಕೆಂದು ಹಿತ್ತಲಿನ ಗೋಡೆಗೆ ಸುಣ್ಣ ಹೊಡೆಸಿದ್ದರು. ಅದರ ಎದುರು ನಿಂತು ಫೋಟೊ ತೆಗೆಯತೊಡಗಿದೆ. ರತ್ನಮ್ಮ ಟೀ ಲೋಟ ಹಿಡಿದು ಬಂದರು.

"ಬರೀ ಗ್ವಾಡೆ ಪಟ ತೆಗ್ದು ಏನ್ ಮಾಡ್ತೀಯ ಮಗ?"

"ಈ ಲೆನ್ಸಿಗೆ ಒಂದೊಂದೇ ಹೆಸರು ಇಟ್ಟು ನೋಡ್ತಿದ್ದೀನಿ. ಯಾವ ಹೆಸರಿಗೆ ಗೋಡೆ ಈ ತುದಿಯಿಂದ ಆ ತುದಿಗೆ ಬೆಳ್ಳಗೆ ಬರುತ್ತೋ ಅದೇ ಸರಿ."

ಅವರು ಒಗೆಯುವ ಕಲ್ಲಿನ ಮೇಲೆ ಕೂತರು. ಲೋಟ ಪಕ್ಕಕ್ಕಿಟ್ಟು ಹೇಳಿದರು:

"ಆ ಪಟಾನ ನಮ್ಮಕ್ಕಂಗೆ ಕಳ್ಸವಾ ಅಂತಿದ್ದೆ. ಕಳಿಸ್ಲಿಲ್ಲ ಕಣ್ ಮಗ. ನನ್ ಮಕ ಅತ್ತೂ ಅತ್ತೂ ಊದ್ಕಂಡಂಗದೆ. ಮೊದ್ಲೇ ಅವ್ಳು, 'ಈ ವಯಸ್ಸಲ್ಲಿ ಓಗಿ ಯಾರ್ದೋ ಮನೆ ಮೂಲೇಲಿ ನಿಂತ್ಕತಿಯೇನೆ' ಅಂದಿದ್ಲು. ಇದ್ ನೋಡುದ್ರೆ ನಾಳೀಕೇ ಬಂದು ಕರ್ಕಂಡ್ ಓಯ್ತಾಳೆ, ಅಷ್ಟೆ."

ಹೇಳಿ ನಕ್ಕರು. ಕೆಂಪಾದದ್ದು ನನ್ನ ಸೆಟ್ಟಿಂಗಿನ ತಪ್ಪು, ಒಪ್ಪಿದೆ. ಮೂಲೆಯಲ್ಲಿ ನಿಂತದ್ದು ಯಾರ ತಪ್ಪು?

ಟೀ ಆರುವವರೆಗೂ ಹೆಸರು ಬದಲಾಯಿಸುತ್ತಲೇ ಇದ್ದೆ. ಒಂದಕ್ಕೆ ಅಂಚು ಗುಲಾಬಿ, ಇನ್ನೊಂದಕ್ಕೆ ಪಾಚಿ ಬಣ್ಣ. ಕೊನೆಗೆ ನಂಬರೇ ಬೇರೆಯಾದ, ನಾನು ಲೆಕ್ಕಕ್ಕೇ ಇಟ್ಟಿರದ ಯಾವುದೋ ಹಳೇ ಲೆನ್ಸಿನ ಹೆಸರು ಇಟ್ಟಾಗ ಗೋಡೆ ಸುಣ್ಣ ಹೊಡೆದ ಹಾಗೇ ಬಂತು. ಇದನ್ನು ಯಾವ ಪುಸ್ತಕವೂ ಹೇಳಿಕೊಡದು. ಹಾಕಿ ನೋಡಬೇಕು, ಸರಿಯಿಲ್ಲದಿದ್ದರೆ ಬದಲಾಯಿಸಬೇಕು, ಅಷ್ಟೆ. ಹಾಕದೇ ಕೂತರೆ ಮಾತ್ರ ಮೂಲೆ ಕತ್ತಲಾಗಿಯೇ ಇರುತ್ತದೆ.

ಎಲ್ಲರನ್ನೂ ಹಿತ್ತಲಿಗೆ ಕರೆದು ಗೋಡೆಯ ಮುಂದೆ ನಿಲ್ಲಿಸಿದೆ. ರತ್ನಮ್ಮ ಮತ್ತೆ ತುದಿಗೇ ಹೋದರು.

"ಸ್ವಲ್ಪ ಒಳಗೆ ಬನ್ನಿ" ಎಂದೆ.

ಸುಧಾ ಒಳಗೆ ಸರಿದಳು.

"ನೀನಲ್ಲ ಸುಧಾ. ಅವರು."

ಅಪ್ಪ ಸರಿದರು.

"ಅಯ್ಯೋ, ನೀವಲ್ಲ ಅಪ್ಪಾ!"

ಶಿವು ಸರಿದ. ಎಲ್ಲರೂ ಕದಲಿದರು, ರತ್ನಮ್ಮ ಒಬ್ಬರನ್ನು ಬಿಟ್ಟು. ಅವರಿಗೆ ಆ ಕರೆ ತಮಗೆಂದು ಅನ್ನಿಸಲೇ ಇಲ್ಲ. ಯಾಕೆ ಅನ್ನಿಸಬೇಕು? ಈ ಮನೆಯಲ್ಲಿ ಅವರನ್ನು ಕರೆದವರಾದರೂ ಯಾರಿದ್ದರು?

ಅಪ್ಪನಿಗೆ ರೇಗಿತು. "ಯಾರ್ನವ್ವ ಕರೀತಿರೋದು ನೀನು? ಬಾಯ್ಬುಟ್ಟು ಏಳ್ಬಾರ್ದಾ?"

ಸುಧಾ ನೆಲ ನೋಡಿದಳು. ನಾನು ಕಿಟಕಿಯಲ್ಲಿ ಇಣುಕಿದೆ. ರತ್ನಮ್ಮನವರ ಬಿಂಬ ಇನ್ನೂ ಎರಡಾಗಿಯೇ ಇತ್ತು.

"ಚಿಕ್ಕವ್ವಾ" ಎಂದೆ. "ಚಿಕ್ಕವ್ವಾ, ನೀವು. ಅಪ್ಪನ ಪಕ್ಕಕ್ಕೆ ಬನ್ನಿ."

ಯೋಚಿಸಿ ಆಡಿದ ಮಾತಲ್ಲ. ಬಾಯಿಗೆ ಬಂತು, ಅಂದೆ.

"ಆ, ಬಂದೆ ಮಗ" ಎಂದರು, ದಿನಾ ಅದೇ ಹೆಸರಿಗೆ ಓಗೊಡುತ್ತಿದ್ದವರ ಹಾಗೆ. ಸೆರಗು ಸರಿಮಾಡಿಕೊಂಡು ಬಂದು ಅಪ್ಪನ ಪಕ್ಕ ನಿಂತರು. ಕೂಡಲೇ ಶಿವು, "ಚಿಕ್ಕವ್ವ, ವಸಿ ಈಕಡೀಕೆ, ನಾನೂ ಕಾಣ್ಬೇಕಲ್ಲ" ಎಂದ. ಕಳ್ಳ! ಯಾರಾದರೂ ಶುರು ಮಾಡಲಿ ಎಂದು ಇವನೂ ಕಾಯುತ್ತಿದ್ದನೇ?

ಫೋಟೊ ಚೆನ್ನಾಗಿ ಬಂತು. ಭಾರತೀನಗರಕ್ಕೆ ಹೋಯಿತು. ಸುಧಾ ಮುದ್ದೆ ಬಡಿಸುವ ಹೊತ್ತಿಗೆ ಅವರಕ್ಕನ ಫೋನು ಬಂತು. ಸ್ಪೀಕರ್ ಹಾಕಿದ್ದರಿಂದ ಊಟಕ್ಕೆ ಕೂತವರಿಗೆಲ್ಲ ಕೇಳಿಸಿತು.

"ಲಕ್ಷಣವಾಗಿದ್ದೀಯಲ್ಲೇ ರತ್ನಾ! ಯಾವ್ ಸ್ಟುಡಿಯೋದಲ್ಲೇ ತೆಗ್ಸಿದ್ದು?"

"ಸ್ಟುಡಿಯೋ ಯಾಕಕ್ಕ?" ಎಂದರು ಚಿಕ್ಕವ್ವ. "ನನ್ ಮಗಳು ತೆಗ್ದದ್ದು."

ನನ್ನನ್ನು 'ಮಗ' ಎನ್ನುವುದು ಬೇರೆ. ಈ ಕಡೆ ಹಿರಿಯರು ಎಲ್ಲರನ್ನೂ ಹಾಗೇ ಅನ್ನುತ್ತಾರೆ. ಒಡಹುಟ್ಟಿದವಳ ಮುಂದೆ 'ನನ್ ಮಗಳು' ಎನ್ನುವುದೇ ಬೇರೆ. ನಾನು ತಲೆ ಎತ್ತಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸುತ್ತಲೇ ಇದ್ದೆ.

ಅಲ್ಲಾ, ಇಷ್ಟು ದಿನ ಬಾಯ್ತುಂಬ ಕರೆದಿದ್ದರೆ ನಮ್ಮಪ್ಪನ ಗಂಟೇನು ಹೋಗುತ್ತಿತ್ತು?