ಎಡೆಯ ಅಂಗಿಗಳಿಗೆ ಜಾಗ

ವನಜಾಕ್ಷಿ ಕೋಣೆಯ ನೆಲದ ಮೇಲೆ ಹಳೆಯ ಪೇಪರುಗಳನ್ನು ಹರಡಿಕೊಂಡು ಅಳತೆಗೆ ಸರಿಯಾಗಿ ಕತ್ತರಿಸುತ್ತಿದ್ದಳು. ಒಂದು ತುಂಡು ಮಂಚ, ಇನ್ನೊಂದು ಓದುವ ಮೇಜು, ಅಂಟಿಸಿ ಉದ್ದ ಮಾಡಿದ ಮತ್ತೊಂದು ವಾರ್ಡ್‌ರೋಬು. ಅವುಗಳನ್ನು ಇಟ್ಟು ನೋಡಿ, ನಡುವೆ ಓಡಾಡಿ, ಕಾಲಿಗೆ ಸಿಕ್ಕರೆ ಸರಿಸುತ್ತಿದ್ದಳು.

ನಂಜನಗೂಡಿನ ಆ ಮನೆಯಲ್ಲಿ ಕೋಣೆ ಎನ್ನುವುದು ಇದೊಂದೇ. ಹತ್ತಡಿ ಉದ್ದ, ಒಂಬತ್ತಡಿ ಅಗಲ. ಅತ್ತೆ ಶಿವನಂಜಮ್ಮ ಮತ್ತು ಮಗಳು ಭಾನುಪ್ರಿಯಾ ಇಲ್ಲಿ ಮಲಗುತ್ತಿದ್ದರು. ವನಜಾಕ್ಷಿ ಮತ್ತು ಗಂಡ ಪ್ರಸಾದ್ ನಡುಮನೆಯಲ್ಲಿ. ಮಗಳಿಗೆ ಈ ವರ್ಷ ಹತ್ತನೇ ತರಗತಿ. ಅವಳ ಪುಸ್ತಕಗಳು ನೆಲದ ಮೇಲಿದ್ದವು. ನಾಲ್ವರ ಬಟ್ಟೆಗೂ ಇದ್ದದ್ದು ಒಂದೇ ಬೀರು. ಅದರ ಬಾಗಿಲು ತೆಗೆದರೆ ಏನಾದರೊಂದು ಕಾಲ ಮೇಲೆ ಬೀಳುತ್ತಿತ್ತು.

ತಿ. ನರಸೀಪುರದಲ್ಲಿ ಪಿಯುಸಿ ಮುಗಿಸಿ ಮದುವೆಯಾಗಿ ಬಂದ ವನಜಾಕ್ಷಿ, ತಾಂಡ್ಯದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿ ಬಹಳ ವರ್ಷಗಳಾಗಿದ್ದವು. ಅಲ್ಲಿ ಕಲಿತ ನಿಯಮ ಸರಳ: ದಿನಾ ಬೇಕಾದದ್ದು ಸೊಂಟಕ್ಕೂ ಭುಜಕ್ಕೂ ನಡುವೆ, ಭಾರದ್ದು ಕೆಳಗೆ, ಅಪರೂಪಕ್ಕೆ ಬೇಕಾದದ್ದು ಎಲ್ಲಕ್ಕಿಂತ ಮೇಲೆ. ಮನೆಗೂ ಅದನ್ನೇ ಅನ್ವಯಿಸಿದಳು. ದಕ್ಷಿಣದ ಗೋಡೆಯ ಮೂಲೆಯಲ್ಲಿದ್ದ ಅತ್ತೆಯ ಟ್ರಂಕನ್ನು ವರ್ಷಕ್ಕೊಮ್ಮೆ ಮಾತ್ರ ತೆಗೆಯುವುದು. ಹಾಗಾಗಿ ಅದು ವಾರ್ಡ್‌ರೋಬಿನ ಮೇಲೆ ಬರುವ ಲಾಫ್ಟಿಗೆ.

ಬಡಗಿ ಸೋಮಶೇಖರ್ ಬಂದು ಟೇಪು ಹಿಡಿದ. “ಅಕ್ಕ, ಈ ಗೋಡೆ ಪೂರ್ತಿ ನಂಗ್ ಬುಟ್ಕೊಡಿ. ಮೂರ್ ಭಾಗ ಮಾಡ್ತೀನಿ, ನಿಮ್ಗೊಂದು, ಅಜ್ಜೀಗೊಂದು, ಮಗೀಗೊಂದು. ಎಳ್ದು ತಗಿಯೋ ಬಾಗ್ಲು ಬ್ಯಾಡ, ಮಂಚಕ್ಕೆ ಬಡೀತದೆ. ಸರಿಸೋದು ಇಡವ. ಈ ಟ್ರಂಕ್ ಏನ್ಮಾಡೀರಿ? ಇಲ್ಲೇ ಇದ್ರೆ ಮಗೀನ್ ಭಾಗ ಓಯ್ತು.”

“ಅದು ಮೇಲಕ್ಕೆ,” ಎಂದಳು ವನಜಾಕ್ಷಿ.

ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಶಿವನಂಜಮ್ಮ ತಲೆಯೆತ್ತಿದರು. “ಯಾವ್ದವ್ವ ಮ್ಯಾಕ್ಕೆ?”

“ನಿಮ್ಮ ಟ್ರಂಕು ಅತ್ತೆ. ವರ್ಷಕ್ಕೊಂದ್ಸಲ ತಾನೆ ತಗಿಯೋದು?”

“ಅಂಗಾರೆ ನನ್ನೂ ಅಲ್ಗೇ ಅತ್ತಿಸ್ಬುಡು. ನಾನೂ ವರ್ಸಕ್ಕೊಂದ್ಸತಿ ಇಳ್ದು ಬತ್ತೀನಿ.”

“ಅಂಗಾದ್ರೆ ದಪ್ಪನ್ ಪ್ಲೈವುಡ್ಡೇ ಬೇಕು ಕಣಕ್ಕ,” ಎಂದು ಸೋಮಶೇಖರ್ ನಕ್ಕ. ಅವನ ಜೊತೆ ಯಾರೂ ನಗಲಿಲ್ಲ.

ಅವನು ಹೋದ ಮೇಲೆ ಅತ್ತೆ ತಾವಾಗಿಯೇ ಟ್ರಂಕು ತೆಗೆದರು. ಪಕ್ಷದ ಹಬ್ಬದಲ್ಲಿ ತೀರಿಕೊಂಡವರಿಗೆ ಎಡೆ ಇಡುವಾಗ ಹೊಸ ಬಟ್ಟೆಯನ್ನೂ ಇಡುವುದು ಆ ಮನೆಯ ಪದ್ಧತಿ. ಮರುದಿನ ಅದನ್ನು ಮನೆಯವರೊಬ್ಬರು ಉಡಬೇಕು. ಉಟ್ಟರೇ ಅದು ಹೋದವರಿಗೆ ಮುಟ್ಟಿದಂತೆ. ಪ್ರಸಾದನ ತಮ್ಮನಾದ ಗುರು, ಚಿಕ್ಕಯ್ಯನಛತ್ರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಾಗಿನಿಂದ ಅತ್ತೆ ಪ್ರತಿವರ್ಷ ಒಂದು ಅಂಗಿ ತಂದು ಎಡೆಗಿಡುತ್ತಿದ್ದರು. ಅದನ್ನು ಹಾಕಿಕೊಳ್ಳಬೇಕಾದವನು ಪ್ರಸಾದ್. ಅವನು ಒಂದು ಸಲವೂ ಹಾಕಿಕೊಂಡಿರಲಿಲ್ಲ. ಅತ್ತೆಯೂ ಬಲವಂತ ಮಾಡಿರಲಿಲ್ಲ. ಇಷ್ಟು ವನಜಾಕ್ಷಿಗೆ ಗೊತ್ತಿತ್ತು. ಟ್ರಂಕಿನಲ್ಲಿ ಹಳೆಯ ಕಂಬಳಿ, ಪಾತ್ರೆಗಳೂ ಇರಬಹುದೆಂದು ಅವಳು ತಿಳಿದಿದ್ದಳು. ಅದರಲ್ಲಿ ಅಂಗಿಗಳಲ್ಲದೆ ಬೇರೇನೂ ಇರಲಿಲ್ಲ. ಕಾಲರಿನ ರಟ್ಟು, ಗುಂಡುಪಿನ್ನುಗಳು ಹಾಗೇ ಇದ್ದವು.

ಸ್ಟೋರಿನ ಅಭ್ಯಾಸದಿಂದ ಅವಳ ಕಣ್ಣು ಚೀಟಿಗಳ ಮೇಲೆ ಹೋಯಿತು. ತಳದ ಅಂಗಿ ಮೂವತ್ತೆಂಟರ ಅಳತೆ. ನಂತರದವು ನಲವತ್ತು, ನಲವತ್ತೆರಡು. ಮೇಲಿನದು ನಲವತ್ತನಾಲ್ಕು.

“ಸೈಜು ಬೇರೆ ಬೇರೆ ಇದೆಯಲ್ಲ ಅತ್ತೆ?”

“ಮೂವತ್ತಾದ್ಮ್ಯಾಕೆ ನಮ್ ಮನೆ ಗಂಡಸ್ರಿಗೆ ಮೈ ಬತ್ತದೆ ಕಣವ್ವ. ಅವ್ರಪ್ಪನ್ಗೂ ಬಂದಿತ್ತು. ಗುರುಗ್ ಬರ್ದೆ ಇದ್ದದಾ?”

ವನಜಾಕ್ಷಿ ಪೇಪರಿನ ತುಂಡುಗಳನ್ನು ಮಡಿಸಿದಳು. ಟ್ರಂಕನ್ನು ಎಷ್ಟು ಸಲ ತೆಗೆಯುತ್ತಾರೆ ಎಂಬುದನ್ನಷ್ಟೇ ಅವಳು ಲೆಕ್ಕಕ್ಕೆ ತೆಗೆದುಕೊಂಡಿದ್ದಳು.

ಸಂಜೆ ಪ್ರಸಾದನ ಎದುರು ಹೊಸ ಯೋಜನೆ ಇಟ್ಟಳು: ಟ್ರಂಕು ಬೇಡ, ಅತ್ತೆಯ ಭಾಗದಲ್ಲಿ ಒಂದು ರಾಡ್ ಹಾಕಿಸಿ ಅಂಗಿಗಳನ್ನು ಅಲ್ಲೇ ನೇತುಹಾಕೋಣ. ಮಗಳ ಭಾಗವೂ ಉಳಿಯುತ್ತದೆ.

ಅವನು ಅಲ್ಲೇ ಕುಳಿತಿದ್ದ ತಾಯಿಯ ಕಡೆ ತಿರುಗಿದ. “ಬಾಗ್ಲು ಸರಿಸ್ದಾಗೆಲ್ಲ ನಾನವ್ನ ನೋಡ್ಬೇಕಾ? ಯಾರ್ಗಾರ ಕೊಟ್ಬುಡವ್ವ ಅತ್ಲಾಗೆ.”

“ಊರೋರ್ಗ್ ಕೊಡಾಕೆ ತಂದಿದ್ದಲ್ಲ ಕಣ್ಲಾ,” ಎಂದರು ಶಿವನಂಜಮ್ಮ. ಎದ್ದು ಕೋಣೆಗೆ ಹೋದರು.

ಬೆಳಿಗ್ಗೆ ವನಜಾಕ್ಷಿ ಏಳುವ ಹೊತ್ತಿಗೆ ಅತ್ತೆಯ ಸೀರೆಗಳು ಒಂದು ಬ್ಯಾಗಿನಲ್ಲಿ ಸೇರಿ ಬಾಗಿಲ ಬಳಿ ಬಂದಿದ್ದವು. “ಎಡತಲೆಗೋಯ್ತೀನಿ, ನಮ್ಮಣ್ಣನ್ ಮನೇಗೆ. ಟ್ರಂಕ್‌ನೂ ಆಮ್ಯಾಕೆ ತರಿಸ್ಕತೀನಿ. ಮಗ ಓದ್ಕಳ್ಳಿ.”

“ಅಜ್ಜಿ, ನಂಗ್ ಮೇಜೇ ಬ್ಯಾಡ,” ಎಂದು ಭಾನುಪ್ರಿಯಾ ಅಳತೊಡಗಿದಳು.

ಅತ್ತೆ ಹಾಗೆ ಹೋದರೆ ತಿರುಗಿ ಬರುವವರಲ್ಲ ಎಂದು ವನಜಾಕ್ಷಿಗೆ ಗೊತ್ತಿತ್ತು. ಒಳಗೆ ಹೋಗಿ ಮೇಲಿನ ಅಂಗಿ ತೆಗೆದು, ಪಿನ್ನುಗಳನ್ನು ಒಂದೊಂದಾಗಿ ಬಿಡಿಸಿ, ಕೆಲಸಕ್ಕೆ ಹೊರಟಿದ್ದ ಗಂಡನ ಮುಂದೆ ಹಿಡಿದಳು.

“ಇದ ಹಾಕ್ಕೊಂಡ್ ಹೋಗಿ.”

“ಯಾವ್ ಮೊಕ ಇಟ್ಕಂಡ್ ಆಕ್ಕಳ್ಲಿ ವನಜ? ಬೈಕ್ ಕೀ ಕೊಟ್ಟೋನ್ ನಾನು.”

ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಬಾಗಿಲಲ್ಲಿದ್ದ ಶಿವನಂಜಮ್ಮ ಬ್ಯಾಗು ಕೆಳಗಿಟ್ಟರು.

“ಕೇಳ್ದೋನ್ ಅವ್ನು,” ಎಂದರು. “ನೀ ಕೊಡ್ದೆ ಇದ್ದಿದ್ರೆ ನನ್ನ ಪೀಡಿಸ್ತಿದ್ದ. ನಾನೇ ಕೊಡಿಸ್ತಿದ್ದೆ. ಆಕ್ಕೊ.”

ಪ್ರಸಾದ್ ಹಾಕಿಕೊಂಡ. ಅಂಗಿ ದೊಗಳೆಯಾಗಿ ಭುಜದಿಂದ ಜಾರಿತು. ತೋಳು ಬೆರಳ ತನಕ ಬಂತು. “ಬಡಕ್ಲಾಗ್ಬುಟ್ಟಿದ್ದೀಯ ಕಣ್ಲಾ,” ಎನ್ನುತ್ತ ತಾಯಿ ಒಂದು ತೋಳನ್ನು ಮಡಿಸಿದರು. ಇನ್ನೊಂದನ್ನು ಮಡಿಸಲು ಹೋಗಿ, ಅದು ಗುರುವಿನ ಅಳತೆಯೆಂದು ನೆನಪಾಗಿ ಕೈಬಿಟ್ಟರು. ಪ್ರಸಾದ್ ಅದನ್ನು ಹಾಗೇ ಇಳಿಬಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಶಿವನಂಜಮ್ಮ ಒಳಗೆ ಬಂದು ಟ್ರಂಕಿನ ಮೇಲೆ ಕುಳಿತರು. ಬ್ಯಾಗು ಬಾಗಿಲ ಬಳಿಯೇ ಇತ್ತು. ಅದನ್ನು ಒಳಗೆ ತರಲು ವನಜಾಕ್ಷಿಗೆ ಧೈರ್ಯ ಬರಲಿಲ್ಲ.

“ಆ ರಾಡು ಅಂದ್ಯಲ್ಲ, ನನ್ ಕೈಗ್ ಎಟುಕ್ತದಾ?” ಎಂದರು ಶಿವನಂಜಮ್ಮ.

ವನಜಾಕ್ಷಿ ಟೇಪು ತಂದು, ಅತ್ತೆಯನ್ನು ದಕ್ಷಿಣದ ಗೋಡೆಗೆ ಒರಗಿಸಿ ನಿಲ್ಲಿಸಿದಳು. “ಕೈ ಎತ್ತಿ ಅತ್ತೆ.” ಶಿವನಂಜಮ್ಮ ಎತ್ತಿದರು. ಕೈ ಭುಜಕ್ಕಿಂತ ಸ್ವಲ್ಪವೇ ಮೇಲೆ ಹೋಗಿ ನಿಂತಿತು. ವನಜಾಕ್ಷಿ ಅಲ್ಲಿಗೇ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಅಷ್ಟು ಕೆಳಗೆ ರಾಡ್ ಬಂದರೆ ಹೊದಿಕೆಗಳಿಗೆಂದು ಅಡಿಯಲ್ಲಿ ಎಣಿಸಿದ್ದ ಡ್ರಾಯರ್ ಕೂರುವುದಿಲ್ಲ; ಅವಕ್ಕೆ ಬೇರೆ ಜಾಗ ಹುಡುಕಬೇಕು.

“ಕೈ ಇಳಿಸಿ ಅತ್ತೆ,” ಎಂದಳು. ಅತ್ತೆ ಇಳಿಸಲಿಲ್ಲ; ಅಲ್ಲಿ ಆಗಲೇ ತೂಗುತ್ತಿರುವ ಅಂಗಿಯೊಂದನ್ನು ಹಿಡಿದವರಂತೆ ಬೆರಳು ಮಡಿಸಿಕೊಂಡರು.