ದೀಪದೆಣ್ಣೆಯ ಕ್ಯಾನಿನಲ್ಲಿ ಐದು ಲೀಟರ್ ಪೆಟ್ರೋಲ್

ಆ ಸಂಜೆ ನಮ್ಮ ಮನೆಯಲ್ಲಿದ್ದವರು ನಾಲ್ಕು ಜನ. ನಾನು, ನನ್ನ ಹೆಂಡತಿ ಶೈಲಾ, ಎಪ್ಪತ್ತೆಂಟು ವರ್ಷದ ನನ್ನ ಅವ್ವ, ಚೊಚ್ಚಲ ಹೆರಿಗೆಗೆಂದು ವಿಜಯವಾಡದಿಂದ ಬಂದ ಮಗಳು ಅಕ್ಷತಾ. ಐದನೆಯವರು ಇನ್ನೂ ಅವಳ ಹೊಟ್ಟೆಯೊಳಗಿದ್ದರು. ಬರುವುದಕ್ಕೆ ಎರಡು ವಾರವಿದೆ ಎಂದು ಡಾಕ್ಟರು ಹೇಳಿದ್ದರು.

ಇನ್ನೊಂದು ವಸ್ತುವೂ ಮನೆಯಲ್ಲಿತ್ತು. ಐದು ಲೀಟರ್ ಪೆಟ್ರೋಲ್. ಅದು ಇದೆಯೆಂಬುದು ನನಗೂ ಶೈಲಾಗೂ ಗೊತ್ತಿತ್ತು. ಅವ್ವನಿಗೂ ಅಕ್ಷತಾಗೂ ಗೊತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಬ್ಯಾಂಕಿನವರಿಗೆ ಊರು ಒಂದು ಕಡೆ, ಅನ್ನ ಇನ್ನೊಂದು ಕಡೆ. ಧಾರವಾಡದವನಾದ ನನ್ನನ್ನು ವಿಶಾಖಪಟ್ಟಣಕ್ಕೆ ಹಾಕಿ ಮೂರು ವರ್ಷವಾಯಿತು. ಬ್ರಾಂಚು ದ್ವಾರಕಾ ನಗರದಲ್ಲಿ, ಬಾಡಿಗೆ ಮನೆ ಋಷಿಕೊಂಡದ ದಾರಿಯಲ್ಲಿ. (ಶೈಲಾಗೆ ಸಮುದ್ರದ ಗಾಳಿ ಬೇಕಿತ್ತು. ಗಾಳಿ ಸಿಕ್ಕಿತು, ಆಸ್ಪತ್ರೆ ದೂರವಾಯಿತು.)

ಸೋಮವಾರ ಬೆಳಿಗ್ಗೆ ಎಲ್ಲರ ಫೋನಿಗೂ ಒಂದೇ ಮೆಸೇಜು. ಟ್ಯಾಂಕರ್ ಬರುತ್ತಿಲ್ಲವಂತೆ, ನಾಳೆಯಿಂದ ಬಂಕುಗಳೆಲ್ಲ ಬಂದ್ ಅಂತೆ. ಬರೆದವರು ಯಾರು? ಯಾರಿಗೆ ಬೇಕಾಗಿತ್ತು! ಹತ್ತು ಗಂಟೆಯ ಹೊತ್ತಿಗೆ ನಮ್ಮ ಬ್ಯಾಂಕಿನ ಎದುರಿನ ಬಂಕಿನಿಂದ ಹೊರಟ ಸಾಲು ಸರ್ಕಲ್ಲು ದಾಟಿ, ಮೂಲೆ ತಿರುಗಿ, ಕಣ್ಣಿಗೆ ಕಾಣದ ಹಾಗೆ ಹೋಗಿತ್ತು. ಯೂನಿಫಾರ್ಮಿನ ಮಗಳನ್ನು ಸೀಟಿನ ಮೇಲೆ ಕೂರಿಸಿಕೊಂಡು ಬೈಕು ತಳ್ಳುವ ಅಪ್ಪ. ಬೆವರೊರೆಸುತ್ತ ಬೈಯುವ ಆಟೋದವರು. ನನ್ನ ಮುಂದಿದ್ದವನು ಎರಡು ಗಂಟೆ ನಿಂತು ಟ್ಯಾಂಕಿನ ಮುಚ್ಚಳ ತೆಗೆದರೆ, ಅದರಲ್ಲಿ ಒಂದು ಲೋಟ ಪೆಟ್ರೋಲಿಗೂ ಜಾಗವಿರಲಿಲ್ಲ!

ಹೌದು, ನಾನೂ ಆ ಸಾಲಿನಲ್ಲಿದ್ದೆ. ನನ್ನ ಕಾರಿನ ಟ್ಯಾಂಕು ಅರ್ಧಕ್ಕಿಂತ ಮೇಲಿತ್ತು. ಆಸ್ಪತ್ರೆಗೆ ಹತ್ತು ಸಲ ಹೋಗಿ ಬರಬಹುದಿತ್ತು. ಆದರೂ ನಿಂತಿದ್ದೆ.

ಬ್ಯಾಂಕು ಮುಳುಗುತ್ತದಂತೆ ಎಂಬ ಗಾಳಿಮಾತಿಗೆ ಜನ ಓಡಿ ಬಂದಾಗ, ಅವರನ್ನು ಕೂರಿಸಿ, ನೀರು ಕೊಟ್ಟು, 'ಗಾಬರಿ ಯಾಕೆ? ನಾವಿಲ್ಲವೇ?' ಎಂದು ಸಮಾಧಾನ ಹೇಳಿದ ಮನುಷ್ಯ ನಾನು. ಬುದ್ಧಿ ಹೇಳುವುದಕ್ಕೆ ಕೌಂಟರಿನ ಒಳಗೆ ಕೂತಿರಬೇಕು ನೋಡಿ. ಹೊರಗೆ ನಿಂತವನಿಗೆ ಅದು ಕೇಳಿಸುವುದಿಲ್ಲ.

ಅದರ ಮೇಲೆ ಅಳಿಯನ ಫೋನು. ಕಿರಣ್ ತೆಲುಗು ಹುಡುಗ. ವಿಜಯವಾಡದ ಆಟೋನಗರ್‌ನಲ್ಲಿ ಅವನದು ಲಾರಿ ರಿಪೇರಿಯ ಶೆಡ್ಡು.

"ಮಾವಯ್ಯಗಾರೂ, ಇಲ್ಲಿ ಲಾರಿ ಎಲ್ಲಾ ನಿಂತುಹೋಗಿದಾವಂಡಿ. ಬಸ್ಸಿಲ್ಲ, ಏಮೀ ಲೇದು. ನಿಮ್ಮ ಅಮ್ಮಾಯಿಗೆ ನೋವು ಬಂದ್ರೆ ನಾನು ಹೇಗೆ ಬರಲಿ? ನೀವು ಪೆಟ್ರೋಲ್ ರೆಡಿ ಇಟ್ಕೊಳ್ಳಿ. ಪ್ಲೀಸ್ ಅಂಡಿ."

ಅಂಜುವವನ ಮೇಲೆ ಕಪ್ಪೆ ಎಸೆದರಂತೆ, ಹಾಗಾಯಿತು ನನ್ನ ಕತೆ. ಟ್ಯಾಂಕು ತುಂಬಿಸಿದೆ. ಸಾಲದು ಅನ್ನಿಸಿತು. ಬಂಕಿನ ಮಾಲೀಕ ಸತ್ಯಂಗಾರು ನಮ್ಮ ಬ್ರಾಂಚಿನ ಗಿರಾಕಿ. ಮೆಲ್ಲಗೆ ಕೇಳಿದೆ.

"ಅಯ್ಯೋ ಮೇನೇಜರುಗಾರೂ, ನಿಮಗೆ ಇಲ್ಲ ಅಂತೀನಾ? ಒಂದು ಕ್ಯಾನ್ ತಗೊಂಡು ಹಿಂದಿನ ಗೇಟಿಗೆ ಬನ್ನಿ. ಯಾರಿಗೂ ಹೇಳಬೇಡಿ."

ಪ್ಲಾಸ್ಟಿಕ್ ಕ್ಯಾನಿಗೆ ಪೆಟ್ರೋಲ್ ಹಾಕಬಾರದು. ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮನೆಗೆ ಹೋಗಿ ನೋಡಿದರೆ ಖಾಲಿಯಾಗುತ್ತ ಬಂದದ್ದು ಒಂದೇ ಕ್ಯಾನು. ಹಳದಿ ಬಣ್ಣದ್ದು, ಐದು ಲೀಟರಿನದು, ಅವ್ವನ ದೀಪದೆಣ್ಣೆಯದು. ತಳದಲ್ಲಿ ಉಳಿದಿದ್ದ ಎಣ್ಣೆಯನ್ನು ಅವಳ ಗಿಂಡಿಗೆ ಬಗ್ಗಿಸಿಟ್ಟು ಕ್ಯಾನು ಒಯ್ದೆ.

ಅವ್ವನ ದೀಪದ ವಿಷಯ ಹೇಳಬೇಕು. ಮೊಮ್ಮಗಳು ಬಸುರಿಯಾಗಿ ತವರಿಗೆ ಬಂದ ದಿನವೇ ಅವ್ವ ದೇವರ ಮುಂದೆ ನಂದಾದೀಪ ಹಚ್ಚಿದ್ದಳು. ಹೆರಿಗೆ ಸುಸೂತ್ರ ಆಗುವ ತನಕ ಅದು ಆರಬಾರದು. ದಿನಕ್ಕೆರಡು ಸಲ ಕ್ಯಾನಿನಿಂದ ಗಿಂಡಿಗೆ, ಗಿಂಡಿಯಿಂದ ದೀಪಕ್ಕೆ ಎಣ್ಣೆ. ರಾತ್ರಿ ಎದ್ದು ನೋಡಿ ಬಂದು ಮಲಗುತ್ತಿದ್ದಳು.

ಕ್ಯಾನನ್ನು ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಹಿಂದೆ ಇಟ್ಟೆ. ಶೈಲಾ ಕೇಳಿದಳು:

"ಅತ್ತಿಯವರಿಗೆ ಹೇಳೂಣೇನ್ರಿ?"

"ಬ್ಯಾಡ ಮಾರಾಯ್ತಿ. ಹೇಳಿದರ ಗಾಬರಿ ಆಗತಾಳ, ನಿದ್ದಿ ಮಾಡೂದಿಲ್ಲ."

ನಮ್ಮ ಮನೆಗಳಲ್ಲಿ ಇದೊಂದು ಪದ್ಧತಿ. ಹಿರಿಯರಿಗೆ ಹೇಳಬಾರದು. ಆಪರೇಷನ್ ಇದೆಯೇ? ಹೇಳಬೇಡಿ. ಊರಲ್ಲಿ ಯಾರೋ ತೀರಿಕೊಂಡರೇ? ಊಟ ಆಗಲಿ, ಆಮೇಲೆ. ಇದನ್ನು ಪ್ರೀತಿ ಎಂದುಕೊಂಡಿದ್ದೇವೆ. ಅರ್ಧ ಪ್ರೀತಿ ಇರಬಹುದು. ಉಳಿದರ್ಧ, ಅವರ ಪ್ರಶ್ನೆಗೆ ಉತ್ತರ ಕೊಡುವ ತೊಂದರೆ ಯಾರಿಗೆ ಬೇಕು ಎಂಬ ಸೋಮಾರಿತನ.

ಮಂಗಳವಾರ ಬೆಳಿಗ್ಗೆ ಅಕ್ಷತಾ ಮೂಗು ಮುಚ್ಚಿಕೊಂಡಳು. "ಅಮ್ಮಾ, ಏನೋ ವಾಸನಿ ಬರಾಕತ್ತೈತಿ."

"ಈ ತಿಂಗಳದಾಗ ಎಲ್ಲಾ ವಾಸನಿ ಬರತಾವವಾ, ಸುಮ್ಮನ ಮಲಕೋ," ಎಂದಳು ಶೈಲಾ. ನಾನು ಬ್ಯಾಂಕಿಗೆ ಹೊರಟೆ.

ಮಧ್ಯಾಹ್ನ ಅವ್ವ ಬಟ್ಟೆ ತರಲು ಬಾಲ್ಕನಿಗೆ ಹೋಗಿದ್ದಾಳೆ. ತನ್ನ ಎಣ್ಣೆಯ ಕ್ಯಾನು, ಮಗ ಹೊಸದಾಗಿ ತುಂಬಿಸಿ ತಂದದ್ದು, ಬಿಸಿಲಿಗೆ ಬಿದ್ದಿದೆ! ಈ ಮನೆಯಲ್ಲಿ ಒಂದು ವಸ್ತುವಾದರೂ ಇದ್ದಲ್ಲಿ ಇರುತ್ತದೆಯೇ ಎಂದು ಗೊಣಗುತ್ತ ಅದನ್ನು ತಂದು ಅಡುಗೆಮನೆಯ ಕಪಾಟಿನಲ್ಲಿ, ಅದರ ಜಾಗದಲ್ಲೇ ಇಟ್ಟಿದ್ದಾಳೆ. ಕೊರೊನಾ ಬಂದು ಹೋದಾಗಿನಿಂದ ಅವಳಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಕಣ್ಣಿಗೆ ಪೊರೆ ಬೇರೆ.

ಸಂಜೆ ಆರಕ್ಕೆ ನಾನು ಬಾಗಿಲು ತೆರೆದೆ. ಪೆಟ್ರೋಲಿನ ವಾಸನೆ ಮುಖಕ್ಕೆ ಹೊಡೆಯಿತು.

ಶೈಲಾ ಒಳಕೋಣೆಯಲ್ಲಿ ಫೋನಿನಲ್ಲಿದ್ದಳು. ಅಕ್ಷತಾ ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಪಡಸಾಲೆಯ ಆ ತುದಿಯಲ್ಲಿ ದೇವರ ಮುಂದೆ ದೀಪ. ಅಡುಗೆಮನೆಯ ಹೊಸ್ತಿಲು ದಾಟಿ ಅವ್ವ ಬರುತ್ತಿದ್ದಳು. ಎರಡೂ ಕೈಯಲ್ಲಿ ಗಿಂಡಿ. ತುಂಬಿದ ಗಿಂಡಿ.

ಕೂಗಬೇಕು. ಕೂಗಿದರೆ ಬೆಚ್ಚುತ್ತಾಳೆ. ಬೆಚ್ಚಿದರೆ ಸೀರೆಯ ಮೇಲೆ ಚೆಲ್ಲಿಕೊಳ್ಳುತ್ತಾಳೆ. ಓಡಿದರೆ? ಪಡಸಾಲೆಯ ಅಗಲ ಅಷ್ಟಿದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಅವ್ವ ಇನ್ನೊಂದು ಹೆಜ್ಜೆ ಇಟ್ಟಳು.

ಅಕ್ಷತಾ ನನ್ನ ಮುಖ ನೋಡಿದಳು. ಗಿಂಡಿ ನೋಡಿದಳು. ಬೆಳಗಿನ ವಾಸನೆ ಯಾವುದೆಂದು ಹೊಳೆದಿರಬೇಕು. ಆಮೇಲೆ, ಏನೂ ಆಗಿಲ್ಲವೆಂಬಂತೆ, ಅಜ್ಜಿಯನ್ನು ಕರೆದಳು.

"ಆಯಿ, ಕೂಸು ಒದಿಯಾಕತ್ತೈತಿ. ಲಗೂ ಬಾ, ಕೈ ಇಟ್ಟು ನೋಡು."

"ಹೌದೇನ? ದೀಪಕ್ಕ ಎಣ್ಣಿ ಹಾಕಿ ಬಂದೆ, ತಡಿ."

"ಅಷ್ಟರಾಗ ನಿಲ್ಲತೈತಿ ಆಯಿ. ಈಗ ಬಾ."

ಅವ್ವ ತಿರುಗಿದಳು. ದೀಪಕ್ಕೆ ಬೆನ್ನು ಮಾಡಿ ಮೊಮ್ಮಗಳ ಕಡೆಗೆ ನಡೆದಳು. ಎದುರಿಗೆ ಹೋಗಿ ಗಿಂಡಿ ಇಸಿದುಕೊಂಡೆ. ಬಾಲ್ಕನಿಗೆ ಒಯ್ದಿಟ್ಟೆ. ಕ್ಯಾನನ್ನೂ ಒಯ್ದೆ. ಕಿಟಕಿ ಬಾಗಿಲು ತೆರೆದೆ. ಆಮೇಲೆ ಒಳಗೆ ಬಂದು ಅವ್ವನಿಗೆ ಹೇಳಿದೆ.

"ಅದು ಎಣ್ಣಿ ಅಲ್ಲವ್ವಾ. ಪೆಟ್ರೋಲು."

ಅವ್ವ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಕೈ ತೊಳೆದು, ಬಟ್ಟಲಿನಲ್ಲಿ ಹಾಲು ತಂದು, ದೇವರ ಮುಂದೆ ಕೂತು, ನಾಲ್ಕು ಹನಿ ಹಾಕಿ ದೀಪವನ್ನು ಶಾಂತ ಮಾಡಿದಳು. ನಮ್ಮಲ್ಲಿ ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ಯಾರೂ ತಡೆಯಲಿಲ್ಲ. ಅವಳು ಕೇಳಿದ್ದು ಒಂದೇ:

"ಬಸೂ, ನನಗ್ಯಾಕ ಹೇಳಲಿಲ್ಲೋ?"

ಅಷ್ಟರಲ್ಲಿ ಅಕ್ಷತಾ ನನ್ನ ತೋಳು ಹಿಡಿದಳು. ಅವಳ ತುಟಿ ಬಿಳಿಚಿಕೊಂಡಿತ್ತು.

"ಅಪ್ಪಾ, ನಾ ಸುಳ್ಳು ಹೇಳಿದೆ. ಕೂಸು ಒದ್ದಿಲ್ಲ. ಮಧ್ಯಾಹ್ನದಿಂದ ಅಲುಗ್ಯಾಡೇ ಇಲ್ಲ."

ಆಸ್ಪತ್ರೆಯ ದಾರಿ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಒಂದೇ ಜಾಗ. ಬಂಕಿನ ಸಾಲು ಎರಡಾಗಿ, ಮೂರಾಗಿ, ರಸ್ತೆಯನ್ನೇ ನುಂಗಿತ್ತು. ಟ್ಯಾಂಕು ತುಂಬಾ ಪೆಟ್ರೋಲ್ ಇಟ್ಟುಕೊಂಡು ನಾವು ಒಂದು ಅಡಿ ಮುಂದೆ ಹೋಗಲಾರೆವು! ನಿನ್ನೆ ನಾನೂ ಇದೇ ಸಾಲಿನಲ್ಲಿ ಕಾರು ಅಡ್ಡ ಹಾಕಿಕೊಂಡು ನಿಂತಿದ್ದೆನಲ್ಲ, ಆಗ ಹಿಂದೆ ಯಾರಿದ್ದರೋ? ಹಾರ್ನ್ ಕೇಳಿಸಿತ್ತು. ತಿರುಗಿ ನೋಡಿರಲಿಲ್ಲ.

ಶೈಲಾ ಇಳಿದು ಓಡಿದಳು. ಅವಳ ತೆಲುಗು ಹರಕು ಮುರುಕು; ಹುಡುಗಿ, ಹೊಟ್ಟೆ ಎನ್ನುವಷ್ಟೇ. "ಅಣ್ಣಾ, ಅಮ್ಮಾಯಿ, ಕಡುಪು, ಅರ್ಜೆಂಟ್!" ಒಬ್ಬ ಆಟೋದವನು ಕಾರಿನೊಳಗೆ ಬಗ್ಗಿ ನೋಡಿದ. ತಿರುಗಿ ಸಾಲಿನವರನ್ನು ಬಾಯಿಗೆ ಬಂದಂತೆ ಬೈದ. ತನ್ನ ಆಟೋವನ್ನು ಸಾಲಿನಿಂದ ಹೊರಗೆ ತಳ್ಳಿದ. ಅವನನ್ನು ನೋಡಿ ಇನ್ನಿಬ್ಬರು ತಳ್ಳಿದರು. ಅಷ್ಟು ಹೊತ್ತು ಕಾದ ಜಾಗ ಬಿಟ್ಟು ದಾರಿ ಕೊಟ್ಟರು. ಅವರಿಗೆ ಮತ್ತೆ ಸಾಲಿನೊಳಗೆ ಜಾಗ ಸಿಕ್ಕಿತೋ ಇಲ್ಲವೋ ನಾನು ಅರಿಯೆ.

ಆಸ್ಪತ್ರೆಯಲ್ಲಿ ನರ್ಸು ಹೊಟ್ಟೆಯ ಮೇಲೆ ಯಂತ್ರ ಒತ್ತಿ ಕೂಸಿನ ಎದೆಬಡಿತ ಹುಡುಕಿದಳು. ಒಂದು ಕಡೆ ಸದ್ದಿಲ್ಲ. ಇನ್ನೊಂದು ಕಡೆ ಒತ್ತಿದಳು. ಅಲ್ಲೂ ಇಲ್ಲ. ಅವ್ವ ಕಣ್ಣು ಮುಚ್ಚಿ ನಿಂತಿದ್ದಳು. ಅವಳು ಏನು ಯೋಚಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ತಾನೇ ಕೈಯಾರೆ ಶಾಂತ ಮಾಡಿದ ದೀಪ.

ಮೂರನೆಯ ಕಡೆ ಸದ್ದು ಬಂತು. ಕುದುರೆ ಓಡಿದ ಹಾಗೆ.

ಮರುದಿನ ಟ್ಯಾಂಕರುಗಳು ಬಂದವು. ಮೂರನೆಯ ದಿನ ಬಂಕಿನ ಮುಂದೆ ನಾಯಿಯೊಂದು ಮಲಗಿತ್ತು. ಕ್ಯಾನಿನ ಪೆಟ್ರೋಲನ್ನು ಕೆಳಗಿನ ಮನೆಯವರ ಸ್ಕೂಟರಿನ ಟ್ಯಾಂಕಿಗೆ ಸುರಿದು ಬಂದೆ.

ಹನ್ನೊಂದು ದಿನಕ್ಕೆ ಹೆಣ್ಣು ಕೂಸು ಹುಟ್ಟಿತು. ತಾಯಿ, ಮಗು ಆರಾಮಾಗಿದ್ದಾರೆ. ಅವ್ವ ಈಗ ಗಿಂಡಿ ಮುಟ್ಟುವುದಿಲ್ಲ. ದೇವರ ದೀಪ ಹಚ್ಚುವವನು ನಾನೇ. ಸಂಜೆ ನಾನು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡ ಕೂಡಲೇ ಅವ್ವ ಕೂಸನ್ನು ಎತ್ತಿಕೊಂಡು ಮನೆಯ ಹೊರಗೆ ಹೋಗಿ ನಿಲ್ಲುತ್ತಾಳೆ.