ಕಪಾಟಿನ ಮೇಲಿನ ಡಬ್ಬಿ

ಸಿನಿಮಾ ನೋಡುವಾಗ ರಿಮೋಟು ನನ್ನ ಕೈಯಲ್ಲೇ ಇರಬೇಕು. ನಡುನಡುವೆ ನಿಲ್ಲಿಸಿ, ಹಿಂದಿನ ಗೋಡೆಯ ಬಣ್ಣಕ್ಕೆ ಏನರ್ಥ, ಕಿಟಕಿ ಯಾಕೆ ಮುಚ್ಚಿದೆ ಎಂದು ಪಕ್ಕದವರಿಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಇದಕ್ಕೇ ಗೆಳತಿಯರು ನನ್ನ ಜೊತೆ ಥಿಯೇಟರಿಗೆ ಬರುವುದನ್ನು ಬಿಟ್ಟಿದ್ದಾರೆ. ಅವ್ವನಿಗೆ ಮಾತ್ರ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಪ್ಪ ಹೋದ ಮೇಲೆ ರಾಯಾಪುರದ ಮನೆಯಲ್ಲಿ ನಾವಿಬ್ಬರೇ.

ಆ ಶನಿವಾರ ಮಧ್ಯಾಹ್ನ ಹಾಕಿದ್ದು ಕದ್ದುಮುಚ್ಚಿ ಪ್ರೀತಿಸುವ ಇಬ್ಬರ ಕಥೆ. ಹಾಕಬಾರದಿತ್ತು. ಮರುದಿನ ನನ್ನನ್ನು ನೋಡಲು ಕೆಲಗೇರಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ನಾನೋ, ಹುಬ್ಬಳ್ಳಿಯ ಆಫೀಸಿನಲ್ಲಿ ಎದುರಿನ ಟೇಬಲ್ಲಿನವನನ್ನು ಎರಡು ವರ್ಷದಿಂದ ಪ್ರೀತಿಸುತ್ತಿದ್ದೆ. ಅವನು ನಮ್ಮ ಪೈಕಿಯವನಲ್ಲ. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಅವ್ವನ ಮುಂದೆ ಈ ಮಾತು ತೆಗೆಯುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಆ ದಿನ ಬೇರೆ ಏನೇನೋ ಹರಟುತ್ತಿದ್ದೆ. ನಾಯಕಿಯ ಹಿಂದಿನ ಖಾಲಿ ಪಂಜರ ಅವಳ ಮನಸ್ಸಂತೆ, ಆರಿದ ದೀಪ ಅವಳ ಭಯವಂತೆ. ಅವ್ವ ಶೇಂಗಾ ಸುಲಿಯುತ್ತ, ಇದೇನು ಸಿನಿಮಾನೋ ಪರೀಕ್ಷೆಯೋ ಎಂದು ನಕ್ಕಳು.

ಸ್ವಲ್ಪ ಹೊತ್ತಿಗೆ ಅವಳೇ ನಿಲ್ಲಿಸಲು ಹೇಳಿದಳು.

“ಆಕಿ ಹಿಂದಿನ ಕಪಾಟ ನೋಡು. ಎಲ್ಲಾ ಡಬ್ಬಿ ಹಿತ್ತಾಳಿವು, ಅದೊಂದ ಸ್ಟೀಲಿಂದು. ಅದು ಆ ಮನೀದಲ್ಲ.”

ನಾನು ನೋಡಿಯೇ ಇರಲಿಲ್ಲ. ಮುಂದೆ ನಾಯಕನ ಅಡುಗೆಮನೆ ಬಂತು. ಅಲ್ಲಿ ಅದೇ ನಮೂನೆಯ ಸ್ಟೀಲಿನ ಡಬ್ಬಿಗಳ ಸಾಲು, ನಡುವೆ ಒಂದರ ಜಾಗ ಖಾಲಿ. ನನಗೆ ಖರೇ ಹೊಟ್ಟೆಕಿಚ್ಚಾಯಿತು. ಆಮೇಲೆ ಯೋಚಿಸಿದರೆ ಆಶ್ಚರ್ಯವೇನಿಲ್ಲ. ನಾಯಕಿಯ ಬೆನ್ನ ಹಿಂದೆ ಕಾಣುವುದೆಲ್ಲ ಅವ್ವ ದಿನವೂ ತೊಳೆದು, ಒರೆಸಿ, ಜೋಡಿಸಿಡುವ ವಸ್ತುಗಳೇ. ನಾನು ಅವುಗಳಿಗೆ ಅರ್ಥ ಹುಡುಕುತ್ತಿದ್ದೆ, ಅವಳು ಅವು ಯಾರವು ಎಂದು ನೋಡುತ್ತಿದ್ದಳು.

ಟಿವಿಯಿಂದ ಕಣ್ಣು ತೆಗೆಯದೆ ಅವ್ವ ಅಂದಳು:

“ನಮ್ಮನಿ ಡಬ್ಬಿನೂ ಎಲ್ಲೋ ಹೋಗಿ ಬರಾಕತ್ತೈತಿ. ಮೊದಲ ನಿನ್ನ ಬುತ್ತಿ ಡಬ್ಬಿ ಎಣ್ಣಿ ಜಿಡ್ಡಿನ ಸಮೇತ ಬರ್ತಿತ್ತು. ಈಗ ಯಾರೋ ಲಖಲಖ ತೊಳದು ಕಳಸ್ತಾರ. ಬ್ಯಾಗಿಗೆ ಇರುವಿ ಬ್ಯಾರೆ ಹತ್ಯಾವ.”

ಅವ್ವ ಕಟ್ಟಿದ ರೊಟ್ಟಿ, ಎಣ್ಣೆಗಾಯಿಯಲ್ಲಿ ಪಾಲು ತೆಗೆದುಕೊಂಡು ಡಬ್ಬಿ ತೊಳೆಯುತ್ತಿದ್ದವನು ಎದುರಿನ ಟೇಬಲ್ಲಿನ ಅವನೇ. ಖಾಲಿ ಡಬ್ಬಿ ತಿರುಗಿ ಕೊಡಬಾರದೆಂದು ಮನೆಯಿಂದ ತಂದ ಒಂದು ಚೂರು ಬೆಲ್ಲ ಅದರೊಳಗೆ ಇಡುತ್ತಿದ್ದ. ಬಸ್ಸಿನಲ್ಲಿ ನಾನದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಇನ್ನು ಮುಚ್ಚಿಡಲು ಏನಿತ್ತು? ಅಳುತ್ತಲೇ ಅವನ ಹೆಸರು, ಊರು, ಜಾತಿ ಎಲ್ಲ ಹೇಳಿಬಿಟ್ಟೆ.

ಜಾತಿಯ ಮಾತು ಬಂದಾಗ ಅವ್ವನ ಮುಖ ಇಳಿದದ್ದನ್ನು ಕಂಡೆ, ಅವಳಿಗೆ ನೋವಾಗಿತ್ತು. ಖಾಲಿ ಡಬ್ಬಿ ಕೊಡಬಾರದೆಂದು ಅವನಿಗೆ ಕಲಿಸಿದವರು ಯಾರು ಎಂದಷ್ಟೇ ಕೇಳಿದಳು. ಅವನ ತಾಯಿ ಎಂದೆ. ಸಂಜೆ ಅವ್ವ ಕೆಲಗೇರಿಗೆ ಫೋನು ಮಾಡಿ, ನಾಳೆ ಬರುವುದು ಬೇಡವೆಂದಳು.

ಸೋಮವಾರ ನನ್ನ ಡಬ್ಬಿ ಎಂದಿಗಿಂತ ಭಾರವಾಗಿತ್ತು. ಚಪ್ಪಲಿ ಮೆಟ್ಟುತ್ತಿದ್ದಾಗ ಅವ್ವ ಹಿಂದಿನಿಂದ ಹೇಳಿದಳು:

“ಈ ಸಲ ಡಬ್ಬಿ ನೀ ತರಬ್ಯಾಡ. ಬೆಲ್ಲಾ ಇಟ್ಟು ಅವನೇ ಬಂದು ಕೊಡ್ಲಿ.”